ಪಗಾರದ ಮಾತಿಗೆ ತೆಂಗಿನಕಾಯಿ

ಮೊನ್ನೆ ಗ್ಯಾಸ್ ಒಲೆ ರಿಪೇರಿಗೆ ಬಂದವನಿಗೆ ಚಹಾ ಮಾಡಿಕೊಟ್ಟೆ. ಅವಸರದ ಮನುಷ್ಯ, ಮುಟ್ಟದೆಯೇ ಹೊರಟುಹೋದ. ಆಮೇಲೆ ನೋಡಿದರೆ ಲೋಟದ ಚಹಾದ ಮೇಲೆ ದಪ್ಪಗೆ ಕೆನೆ ಕಟ್ಟಿತ್ತು. ಚೆಲ್ಲಲು ಕೈ ಬರಲಿಲ್ಲ. ಲೋಟ ಹಿಡಿದುಕೊಂಡು ಬಚ್ಚಲ ಹತ್ತಿರ ಹಾಗೇ ನಿಂತುಬಿಟ್ಟೆ... ನಾಶಿಕದ ಕಾಕೂ ನೆನಪಾಗಿದ್ದಳು.

ಕಾಕೂ ಎಂದರೆ ನನ್ನ ಸ್ವಂತ ಚಿಕ್ಕಮ್ಮನಲ್ಲ. ನಾಶಿಕದ ಅಂಬಡ್‌ನಲ್ಲಿ ನಾವು ಬಾಡಿಗೆಗಿದ್ದ ಖೋಲಿಯ ಪಕ್ಕದ ಖೋಲಿಯವಳು. ಜಮಖಂಡಿ ಕಡೆಯವಳು. ಗಂಡ ಯಾವುದೋ ಕಾರ್ಖಾನೆಯ ಗೇಟು ಕಾಯುತ್ತಿದ್ದ. ಮಕ್ಕಳಿರಲಿಲ್ಲ, ಆದರೆ ಆಕೆ ಕೂಡಿಸಿದ ಲಗ್ನಗಳಿಗೆ ಲೆಕ್ಕವಿರಲಿಲ್ಲ. ನಮ್ಮ ಕಡೆಯಿಂದ ದುಡಿಯಲು ಬಂದವರ ಮನೆಗಳಲ್ಲಿ ಹೆಣ್ಣು ನೋಡುವುದಿರಲಿ, ಮುರಿದ ಮಾತು ಜೋಡಿಸುವುದಿರಲಿ, ಕಾಕೂ ಇಲ್ಲದೆ ಸಾಗುತ್ತಿರಲಿಲ್ಲ. ಬಾಯಿ ಇದ್ದವ ಬರಗಾಲದಲ್ಲೂ ಬದುಕಿದ ಎನ್ನುತ್ತಾರಲ್ಲ, ಕಾಕೂ ತನ್ನ ಬಾಯಿಯಿಂದ ಇಡೀ ಓಣಿಯನ್ನೇ ಬದುಕಿಸುತ್ತಿದ್ದಳು.

ನಮ್ಮಪ್ಪ ಗೌಂಡಿ. ಇಂಡಿ ತಾಲೂಕು ಬಿಟ್ಟು ಕಟ್ಟಡದ ಕೆಲಸ ಇದ್ದಲ್ಲಿಗೆ ಸಂಸಾರ ಹೊತ್ತುಕೊಂಡು ತಿರುಗಿದವನು. ನಾಶಿಕಕ್ಕೆ ಬಂದ ಮೇಲೆ ನನಗೆ ಅಂಬಡ್‌ನ ಸಣ್ಣದೊಂದು ಕಾರ್ಖಾನೆಯಲ್ಲಿ ಮೋಟಾರಿನ ಕಾಯಿಲ್ ಸುತ್ತುವ ಕೆಲಸ ಸಿಕ್ಕಿತ್ತು. ತಾಮ್ರದ ತಂತಿ ಬೆರಳಿಗೆ ಹೊಂದಿಕೊಂಡಿತ್ತು. ಅಷ್ಟರಲ್ಲಿ ಅಪ್ಪನಿಗೆ ಕೆಲಸ ಕೊಡುತ್ತಿದ್ದ ಮುಕಾದಮ ಔರಂಗಾಬಾದಿನಲ್ಲಿ ದೊಡ್ಡ ಕೆಲಸ ಹಿಡಿದ. ಎಲ್ಲರೂ ಹೊರಡಬೇಕು. ಅಲ್ಲಿ ನನಗೆ ಕಾದಿದ್ದದ್ದು ಅವ್ವನ ಜೊತೆ ಇಟ್ಟಿಗೆ ಹೊರುವ ಕೆಲಸ. ನಾನು ಇಲ್ಲೇ ಇರುತ್ತೇನೆ ಎಂದು ಹಟ ಹಿಡಿದೆ. ಅಪ್ಪ ಬೈಯಲಿಲ್ಲ. ಹೊಟ್ಟೆ, ಬಾಡಿಗೆ ಎರಡೂ ನಿನ್ನ ಪಗಾರದಲ್ಲಿ ನೀಗಿದರೆ ಇರು, ಇಲ್ಲದಿದ್ದರೆ ಗಂಟು ಕಟ್ಟು ಎಂದ. ನನ್ನ ಆಗಿನ ಪಗಾರದಲ್ಲಿ ಹೊಟ್ಟೆ ತುಂಬಿದರೆ ಬಾಡಿಗೆ ಇಲ್ಲ, ಬಾಡಿಗೆ ಕಟ್ಟಿದರೆ ಹೊಟ್ಟೆಗಿಲ್ಲ.

ಪಗಾರ ಹೆಚ್ಚಿಸಿ ಎಂದು ಕಾರ್ಖಾನೆಯ ಮಾಲೀಕ ಶೇಠಜಿಯನ್ನು ಕೇಳಬೇಕಿತ್ತು. ಧೈರ್ಯ ಮಾಡಿ ಅವರ ಕೋಣೆಯ ಬಾಗಿಲತನಕ ಹೋದೆ. ಏನು ಎಂದು ಅವರು ತಲೆ ಎತ್ತಿದ್ದೇ ತಡ, ಕುಡಿಯುವ ನೀರಿನ ನಳ ಸೋರುತ್ತಿದೆ ಎಂದು ಹೇಳಿ ವಾಪಸು ಬಂದೆ. ನಳ ಸೋರುತ್ತಿರಲಿಲ್ಲ. ಸಂಜೆ ಕಾಕೂನ ಮುಂದೆ ಕೂತು ಅತ್ತೆ.

"ಹೆಣ್ಣಿನ ಮಾತು ಹೆಣ್ಣು ತಾನ ಆಡತಾಳೇನು? ನಡುವ ಒಬ್ಬರು ಬೇಕವ್ವಾ" ಎಂದಳು ಕಾಕೂ. ಇದು ಲಗ್ನ ಅಲ್ಲ, ಪಗಾರ ಎಂದೆ. ಮಾತುಕತೆ ಯಾವುದಾದರೇನು, ರೀತಿ ಒಂದೇ ಎಂದುಬಿಟ್ಟಳು.

ಮರುದಿನ ಆಕೆ ಪೆಟ್ಟಿಗೆಯ ತಳದ ಇಳಕಲ್ ಸೀರೆ ಉಟ್ಟು ಬಂದಳು. ಕೈಯಲ್ಲಿ ತಾಟು. ಅದರಲ್ಲಿ ತೆಂಗಿನಕಾಯಿ, ಕುಬುಸದ ಖಣ, ಅರಿಷಿಣ ಕುಂಕುಮ. ನನಗೆ ಭೂಮಿ ಬಾಯಿಬಿಟ್ಟರೆ ಸಾಕಿತ್ತು. ಗೇಟಿನಿಂದ ಶೇಠಜಿಯ ಕೋಣೆಯವರೆಗೆ ಎಲ್ಲ ಮಷಿನುಗಳೂ ನನ್ನನ್ನೇ ನೋಡುತ್ತಿವೆ ಅನ್ನಿಸಿತು.

ಶೇಠಜಿ ತಾಟು ನೋಡಿದವರೇ ಎದ್ದು ನಿಂತು ನಮ್ಮನ್ನು ಕೂರಿಸಿದರು. "ಲಗ್ನ ಠರಲಂ ಕಾ?" ಎಂದು ನನ್ನನ್ನು ಕೇಳಿದರು. ಮದುವೆ ನಿಶ್ಚಯವಾಗಿದೆ, ಅಕ್ಷತೆಗೆ ಕರೆಯಲು ಬಂದಿದ್ದಾರೆ ಅಂದುಕೊಂಡಿದ್ದರು. ಅಲ್ಲ ಎನ್ನಲು ಬಾಯಿ ತೆರೆದೆ. ಕಾಕೂ ಮೇಜಿನ ಕೆಳಗೆ ನನ್ನ ಹೆಬ್ಬೆರಳನ್ನು ಗಟ್ಟಿಯಾಗಿ ಮೆಟ್ಟಿದಳು.

ಶೇಠಜಿ ಕೂತು ಚಿಂತೆಗೆ ಬಿದ್ದರು. ಮರಾಠಿಯಲ್ಲಿ ತಾವೇ ಹೇಳುತ್ತಾ ಹೋದರು. ಈಕೆ ಸುತ್ತಿದ ಕಾಯಿಲು ಪರೀಕ್ಷೆಯಲ್ಲಿ ತಿರುಗಿ ಬಂದದ್ದೇ ಇಲ್ಲವಂತೆ. ಇಂಥ ಕೈ ಮತ್ತೆಲ್ಲಿ ಹುಡುಕಲಿ, ಲಗ್ನವಾದ ಮೇಲೂ ಕೆಲಸಕ್ಕೆ ಕಳಿಸಲು ಬೀಗರು ಒಪ್ಪುತ್ತಾರೋ ಇಲ್ಲವೋ ಎಂದು ಕಾಕೂನನ್ನೇ ಕೇಳಿದರು. ನಾನು ಬೆರಗಾಗಿ ಕೂತಿದ್ದೆ. ತಂತಿ ಹಾಳು ಮಾಡಬೇಡ ಎಂಬುದೊಂದನ್ನು ಬಿಟ್ಟರೆ ಆ ಮನುಷ್ಯನ ಬಾಯಿಂದ ಬೇರೆ ಮಾತು ಕೇಳಿದವಳೇ ಅಲ್ಲ ನಾನು. ಕಾಕೂ ಮಾತ್ರ ಎಲ್ಲಕ್ಕೂ ನಿಧಾನವಾಗಿ ತಲೆಯಾಡಿಸುತ್ತಿದ್ದಳು, ತನಗೆ ಇದೆಲ್ಲ ಮೊದಲೇ ಗೊತ್ತಿತ್ತು ಎಂಬಂತೆ.

ಚಹಾ ಬಂತು. ಕಾಕೂ ಮುಟ್ಟಲಿಲ್ಲ. ನಮ್ಮಲ್ಲಿ ಲಗ್ನದ ಮಾತು ಮುಗಿಯುವವರೆಗೆ ಹಿರಿಯರು ಆ ಮನೆಯ ನೀರು ಸಹ ಕುಡಿಯುವುದಿಲ್ಲ. ಶೇಠಜಿ ಬಾಯಿತುಂಬ ಹೊಗಳಿ ಮುಗಿಸಿದ ಮೇಲೆ, ತನ್ನ ಹರಕುಮುರುಕು ಮರಾಠಿಯಲ್ಲಿ ಸಾವಕಾಶ ವಿಷಯ ತೆಗೆದಳು. ಲಗ್ನ ಇಲ್ಲ. ಹುಡುಗಿ ಅಪ್ಪ ಅವ್ವನ ಸಂಗಡ ಔರಂಗಾಬಾದಿಗೆ ಹೊರಟಿದ್ದಾಳೆ. ಅವಳ ಹೊಟ್ಟೆ, ಬಾಡಿಗೆ ನೀಗುವಷ್ಟು ಕೊಟ್ಟರೆ ನಿಲ್ಲುತ್ತಾಳೆ.

ಶೇಠಜಿಯ ಮುಖ ಕೆಂಪಾಯಿತು. ಆಡಿದ ಮಾತನ್ನು ನುಂಗಲು ಬರುವುದಿಲ್ಲವಲ್ಲ. ದೀಪಾವಳಿ ಆಗಲಿ, ನೋಡೋಣ ಎಂದರು. ಕಾಕೂ ಸೆರಗು ಸರಿಮಾಡಿಕೊಂಡು, ತಾಟು ಎತ್ತಿಕೊಂಡು ಎದ್ದೇಬಿಟ್ಟಳು. ಆರಿದ ಚಹಾ ಕೆನೆಗಟ್ಟಿ ಮೇಜಿನ ಮೇಲೆ ಹಾಗೇ ಇತ್ತು. ಶೇಠಜಿ ಒಮ್ಮೆ ಅದನ್ನು ನೋಡಿದರು, ಒಮ್ಮೆ ತಾಟಿನ ಕುಂಕುಮ ನೋಡಿದರು. ಅರಿಷಿಣ ಕುಂಕುಮ ಹಿಡಿದು ಬಂದ ಮುತ್ತೈದೆಯನ್ನು ಬರಿಬಾಯಲ್ಲಿ ಕಳಿಸಲು ಆ ಮನುಷ್ಯನಿಂದ ಆಗಲಿಲ್ಲ. ಕೂರಿ ಕೂರಿ ಎಂದು ತಾವೇ ಎದ್ದು ಬಂದರು, ಸೋತವರ ಹಾಗೆ ನಕ್ಕರು, ಒಪ್ಪಿದರು. ಅಷ್ಟಕ್ಕೂ ನೀವು ಈಕೆಗೆ ಏನಾಗಬೇಕು ಎಂದು ಕೇಳಿದರು.

ಕಾಕೂಗೆ ಆಗ ಮರಾಠಿ ಮರೆತೇಹೋಯಿತು. "ನಮ್ಮ ಮನಿ ಹುಡುಗಿರಿ. ಕತ್ತಲಾಗೂದರೊಳಗ ಮನಿಗೆ ಕಳಸಬೇಕ್ರಿ" ಎಂದಳು. ಶೇಠಜಿಗೆ ಎಷ್ಟು ತಿಳಿಯಿತೋ, ತಲೆಯಾಡಿಸಿದರು. ಕಾಕೂ ಅವರ ಕೈಗೆ ಕಾಯಿ ಕೊಟ್ಟು, ಬೆರಳಿಂದ ಕೆನೆ ಸರಿಸಿ, ಆ ತಣ್ಣನೆಯ ಚಹಾವನ್ನು ಒಂದೇ ಗುಟುಕಿಗೆ ಕುಡಿದಳು. ಸುಡುಸುಡು ಚಹಾ ಬಿಟ್ಟು ಬೇರೆ ಕುಡಿದು ಗೊತ್ತಿಲ್ಲದವಳು. ಮನೆ ಮುಟ್ಟುವತನಕ ಬಾಯಿ ಕೆಟ್ಟಿತು ಎಂದು ಶೇಠಜಿಯನ್ನು ಬೈಯುತ್ತಲೇ ಇದ್ದಳು.

ಅಪ್ಪ ಅವ್ವ ಹೋದರು, ನಾನು ಉಳಿದೆ. ಮಲಗುವುದು ನನ್ನ ಖೋಲಿಯಲ್ಲಿ, ಉಣ್ಣುವುದು ಕಾಕೂನ ಒಲೆಯ ಮುಂದೆ. ರೊಟ್ಟಿ ಬಡಿಯುತ್ತಾ ಅವತ್ತಿನ ಮಾತನ್ನು ನನ್ನಿಂದ ಮತ್ತೆ ಮತ್ತೆ ಹೇಳಿಸುತ್ತಿದ್ದಳು. ತಾನೇ ಅಲ್ಲಿದ್ದವಳು, ಆದರೂ ಏನೂ ಗೊತ್ತಿಲ್ಲದವಳ ಹಾಗೆ ಅವ ಏನಂದ, ಹ್ಯಾಂಗಂದ ಎಂದು ಕೇಳುವಳು. ನಿನ್ನ ಕೈಯ ಸುದ್ದಿ ಏನೋ ಅಂದನಲ್ಲ, ಅದನ್ನು ಹೇಳು ಎನ್ನುವಳು. ನಾನು ನಾಚಿಕೊಂಡೇ ಹೇಳುತ್ತಿದ್ದೆ. ನನ್ನ ಕೈ ಚೆನ್ನಾಗಿದೆ ಎಂಬುದನ್ನು ನಾನು ನಂಬಿದ್ದು ಹಾಗೆ, ಆ ಒಲೆಯ ಮುಂದೆ, ಹೇಳಿ ಹೇಳಿ...

ಮುಂದೆ ನನ್ನ ಲಗ್ನವನ್ನೂ ಕಾಕೂನೇ ಕೂಡಿಸಿದಳು. ಗಂಡು ಔರಂಗಾಬಾದಿನವನು. ಹೋಗುವುದಿಲ್ಲ ಎಂದು ಹಟ ಮಾಡಿದ ಊರಿಗೇ ಸೊಸೆಯಾಗಿ ಬಂದೆ. ಕೆಲ ವರ್ಷಕ್ಕೆ ಕಾಕೂನ ಗಂಡ ತೀರಿಕೊಂಡ, ತಮ್ಮ ಬಂದು ಆಕೆಯನ್ನು ಜಮಖಂಡಿಗೆ ಕರೆದೊಯ್ದ. ಫೋನಿನಲ್ಲಿ ಆಕೆಯ ದನಿ ಸಣ್ಣದಾಗುತ್ತಾ ಬಂತು. ತೀರಿಕೊಂಡ ಸುದ್ದಿ ನನ್ನ ತನಕ ಬರುವಷ್ಟರಲ್ಲಿ ದಿನಕರ್ಮಗಳೆಲ್ಲ ಮುಗಿದಿದ್ದವು. ಸಂಬಂಧಿಕಳಲ್ಲದವಳಿಗೆ ಯಾರು ಹೇಳಿಕಳಿಸುತ್ತಾರೆ? ಮುಖ ನೋಡಲಾಗಲಿಲ್ಲ ಎಂಬ ಸಂಕಟ ಇನ್ನೂ ಹೋಗಿಲ್ಲ.

ಈಗ ಇಲ್ಲಿಯ ಕಂಪನಿಯೊಂದರಲ್ಲಿ ವೈಂಡಿಂಗ್ ವಿಭಾಗ ನೋಡಿಕೊಳ್ಳುತ್ತೇನೆ. ವರ್ಷಕ್ಕೊಮ್ಮೆ ಮ್ಯಾನೇಜರ ಎದುರು ಒಬ್ಬಳೇ ಕೂತು ನನ್ನ ಮಾತು ನಾನೇ ಆಡುತ್ತೇನೆ, ಮರಾಠಿಯಲ್ಲಿ, ತಡವರಿಸದೆ. ಹೋದ ವಾರವೂ ಕೂತಿದ್ದೆ. ಮೊದಲು ಆಗುವುದಿಲ್ಲ ಎಂದವರು ಕೊನೆಗೆ ನಾನು ಕೇಳಿದಷ್ಟಕ್ಕೆ ಒಪ್ಪಿದರು. ನಿಮ್ಮ ವಿಭಾಗದ ಕೆಲಸಕ್ಕೆ ಕುಂದು ಹೇಳುವ ಹಾಗಿಲ್ಲ ಎಂದೂ ಹೇಳಿದರು. ರಾತ್ರಿ ಗಂಡನಿಗೆ ಹೇಳಿದೆ, ಚಲೋ ಆಯ್ತು ಎಂದು ಖುಷಿಪಟ್ಟ. ಪಾಪ, ಅದಕ್ಕಿಂತ ಹೆಚ್ಚಿಗೆ ಅವನು ಏನು ಅನ್ನಬೇಕು? ಅವರು ಏನಂದರು, ಹ್ಯಾಂಗಂದರು ಎಂದು ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ.