ಕಲಾಯಿ ಗೌಸಸಾಬನ ಸಂಶಯ

ಹುಬ್ಬಳ್ಳಿಯ ಕೇಶ್ವಾಪುರದ ಕಲಾಯಿಗಾರ ಗೌಸಸಾಬ ಯಾರ ಮನೆಯಲ್ಲೂ ಪಾತ್ರೆಯೊಳಗೆ ಇಣುಕದೆ ನೀರು ಕುಡಿದವನಲ್ಲ. ಕಲಾಯಿ ಸವೆದ ಹಿತ್ತಾಳೆಗೆ ಹುಳಿ ತಾಗಿದರೆ ಕಿಲುಬು ಏಳುತ್ತದೆ, ಕಿಲುಬೆಂದರೆ ವಿಷ. ಕಸುಬು ಕಲಿಸಿದ ಪಾಠವೇನೋ ಸರಿಯೇ. ಆದರೆ ಓಣಿಯಲ್ಲಿ ಯಾರಿಗೆ ಹೊಟ್ಟೆನೋವು ಬಂದರೂ ಈ ಮಹಾಶಯನ ಕಣ್ಣು ಅವರ ಅಡುಗೆಮನೆಯತ್ತಲೇ ಹೊರಳುತ್ತಿತ್ತು. ಹೆಂಡತಿ ತೀರಿಕೊಂಡ ಮೇಲೆ ಅವನು ಕಣ್ಣು ಮುಚ್ಚಿ ನಂಬಿದ್ದು ಒಂದೇ ಜೀವವನ್ನು: ತಿದಿಯ ಪಕ್ಕದಲ್ಲಿ ಮಲಗುವ ಕೆಂಚು ನಾಯಿ ಲಾಲ್ಯಾನನ್ನು.

ಎರಡನೆಯ ಮಹಾಯುದ್ಧಕ್ಕೆ ಇನ್ನೂ ಒಂದೆರಡು ವರ್ಷವಿದ್ದ ಚಳಿಗಾಲ. ಓಣಿಯ ನಾಯಿಗಳು ಒಂದೊಂದಾಗಿ ಸಾಯತೊಡಗಿದವು. ಮೊದಲು ಕಣ್ಣಲ್ಲಿ ಕೀವು, ಮೂಗಲ್ಲಿ ಸಿಂಬಳ. ಆಮೇಲೆ ಬಾಯಲ್ಲಿ ನೊರೆ, ಕಾಲು ಸೆಟೆದು ಒದ್ದಾಟ.

"ಇದು ಕಿಲುಬs. ಸತ್ಯವ್ವನ ಬೋಗೋಣಿಗೆ ಕಲಾಯಿ ಹಾಕಿ ಯಾ ಕಾಲಾತು?" ಎಂದ ಗೌಸಸಾಬ.

ಸತ್ಯವ್ವ ವಿಧವೆ. ರೈಲ್ವೆ ಕಾರ್ಖಾನೆಯ ಕೆಲಸಗಾರರಿಗೆ ಊಟ ಹಾಕಿ ಬದುಕುತ್ತಿದ್ದಳು. ಮಿಕ್ಕ ಪಲ್ಯ ನಾಯಿಗಳಿಗೆ ಹೋಗುತ್ತಿತ್ತು.

"ಅದs ಪಲ್ಯ ನಾನೂ ಉಂಡೇನ್ರಿ. ನನಗೇನಾಗೇತಿ?" ಎಂದು ಬಾಗಿಲಲ್ಲಿ ನಿಂತು ಕೂಗಿದಳು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ದನದ ಡಾಕ್ಟರು ಮಾತ್ರ, "ಇದು ನಾಯಿಯಿಂದ ನಾಯಿಗೆ ಹತ್ತೋ ಜಡ್ಡು. ಕೆಮ್ಮೋ ನಾಯೀನ ಬ್ಯಾರೆ ಇಡ್ರಿ" ಎಂದರು. ಗೌಸಸಾಬ ಅವರನ್ನೂ ಸಂಶಯದಿಂದಲೇ ನೋಡಿದ. ಡಾಕ್ಟರ ಸಿಪಾಯಿ ಸತ್ಯವ್ವನ ಕೈಯೂಟ ಉಂಡವನಲ್ಲವೇ! ಪಾತ್ರೆ ಇಸಿದುಕೊಳ್ಳಲು ಹೋದ ಮನೆಮನೆಯಲ್ಲೂ ಕಿಲುಬಿನ ಮಾತು ಬಿತ್ತಿ ಬಂದ. ಸತ್ಯವ್ವನ ಪಂಕ್ತಿ ಬರಿದಾಗುತ್ತ ಬಂತು.

ಅಷ್ಟರಲ್ಲಿ ಲಾಲ್ಯಾ ಕೆಮ್ಮಿದ. ಗೌಸಸಾಬ, ಈ ಹೆಂಗಸಿನ ಕೈಗೆ ಸಿಗದಂತೆ ಇವನನ್ನು ಉಳಿಸಿಕೊಳ್ಳಬೇಕೆಂದು, ಬಾಡಿಗೆ ಚಕ್ಕಡಿಯಲ್ಲಿ ಹಾಕಿಕೊಂಡು ಶಿರಗುಪ್ಪಿಗೆ, ತಂಗಿ ದಾವಲಬಿಯ ಮನೆಗೆ ಒಯ್ದ. ಹಾಲು ಕುಡಿಸಿದ, ತಲೆ ತೊಡೆಯ ಮೇಲಿಟ್ಟುಕೊಂಡು ಕೂತ. ಲಾಲ್ಯಾ ಒದ್ದಾಡಿ ಸತ್ತ. ಗೌಸಸಾಬ ಮಕ್ಕಳ ಹಾಗೆ ಅತ್ತ.

ಅವನು ದುಃಖದಲ್ಲಿ ತಂಗಿಯ ಮನೆಯಲ್ಲೇ ಉಳಿದ. ಕೆಲವು ದಿನಕ್ಕೆ ಪಕ್ಕದ ಹಟ್ಟಿಯ ಮಹಾದೇವಪ್ಪನ ಕುರಿನಾಯಿಗಳಿಗೂ ಕಣ್ಣಲ್ಲಿ ಕೀವು ಬಂತು. ಎರಡು ಸತ್ತವು. ಹೊಸದಾಗಿ ಬಂದವನೇ ವಿಷ ಹಾಕಿದನೆಂದು ಮಹಾದೇವಪ್ಪ ನೆಟ್ಟಗೆ ಒಳಗೆ ಬಂದು ಗೌಸಸಾಬನ ಚೀಲ ಸುರುವಿದ. ಬಿಳಿ ಪುಡಿಯ ಪೊಟ್ಟಣ ಬಿತ್ತು.

"ಇದೇನೋ?"

"ನವಸಾಗರ. ಕಲಾಯಿ ಹತ್ತಾಕ ಬೇಕ್ರಿ. ಅಲ್ಲಾನ ಆಣಿ, ನಾ ಏನೂ ಹಾಕಿಲ್ಲ!"

ಜನ ಕೂಡಿದರು. ಯಾರೂ ನಂಬಲಿಲ್ಲ. ತಂಗಿ ಹಾಲಿನ ಚರಿಗೆಯನ್ನು ಮೆಲ್ಲಗೆ ಒಳಗೆ ಸರಿಸಿದಳು. ಆ ಸರಿಸಿದ್ದು ಅವನಿಗೆ ಹೊಡೆತಕ್ಕಿಂತ ಹೆಚ್ಚು ನೋವು ಕೊಟ್ಟಿತು. ಮಹಾದೇವಪ್ಪನ ನಾಯಿಗಳು ಸತ್ಯವ್ವನ ಪಲ್ಯದ ವಾಸನೆಯನ್ನೂ ಕಂಡಿರಲಿಲ್ಲ. ಇಲ್ಲಿಗೆ ಬಂದದ್ದು ಲಾಲ್ಯಾ ಒಬ್ಬನೇ, ತಂದವನು ತಾನೇ.

ಹುಬ್ಬಳ್ಳಿಗೆ ಮರಳಿದವನೇ ಸತ್ಯವ್ವನ ಮನೆಗೆ ಹೋದ. ಒಲೆ ಆರಿತ್ತು.

"ತಪ್ಪಾತವ್ವಾ. ಅದು ಜಡ್ಡಿತ್ತು, ವಿಷ ಅಲ್ಲ."

"ನನಗ್ಯಾಕ ಹೇಳ್ತೀರಿ?" ಎಂದಳು ಅವಳು. "ನನಗ ಮೊದಲs ಗೊತ್ತಿತ್ತು. ಉಣ್ಣಾಕ ಬರೋರಿಗೆ ಹೇಳ್ರಿ."

ಹೇಳಿದ. ಕಾರ್ಖಾನೆಯ ಗೇಟಿನಲ್ಲಿ ನಿಂತು ಹೇಳಿದ, ಪಾತ್ರೆ ಇಸಿದುಕೊಳ್ಳುವ ಬಾಗಿಲು ಬಾಗಿಲಲ್ಲೂ ಹೇಳಿದ. ಅವರೆಲ್ಲ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಕಣ್ಣು ಕಿರಿದು ಮಾಡಿ ಒಂದೇ ಮಾತು ಕೇಳಿದರು:

"ಇಷ್ಟ ಹೇಳಾಕ ಆಕಿ ನಿಮಗ ಏನ ಕೊಟ್ಟಾಳ್ರಿ, ಗೌಸಸಾಬ?"