ಅಪ್ಪನ ಕಾರಿಗೆ ನೀರು ಕುಡಿಸಿದ್ದು

ನಮ್ಮ ತವರಿನಲ್ಲಿ ಒಂದು ರೂಢಿ ಇತ್ತು. ಕೊಟ್ಟ ಮಗಳು ಹಡೆಯುವ ತನಕ ತಂದೆಯಾದವನು ಅವಳ ಮನೆಯ ನೀರು ಮುಟ್ಟಬಾರದು. ಯಾರು ಮಾಡಿದರೋ, ಯಾಕೆ ಮಾಡಿದರೋ, ಕೇಳಿದರೆ ಹಿಂದಿನಿಂದ ಬಂದದ್ದು ಎನ್ನುತ್ತಿದ್ದರು. ಬಹಳ ಮಂದಿಗೆ ಇದು ವರ್ಷ, ಎರಡು ವರ್ಷದ ಮಾತು. ಮಗಳ ಮೊದಲ ಬಾಣಂತನ ಮುಗಿದದ್ದೇ ತಡ, ತಂದೆ ಬಂದು ಬೀಗರ ಪಂಕ್ತಿಯಲ್ಲಿ ಕುಳಿತು ಹೋಳಿಗೆ ಉಂಡು ಹೋಗುತ್ತಿದ್ದ. ನನ್ನ ಪಾಲಿಗೆ ಮಾತ್ರ ಅದು ಬೆಳೆಯುತ್ತಲೇ ಹೋಯಿತು. ತಿಕೋಂಡಿಗೆ ಸೊಸೆಯಾಗಿ ಬಂದು ಏಳೆಂಟು ವರ್ಷವಾದರೂ ನನಗೆ ಮಕ್ಕಳಾಗಲಿಲ್ಲ, ಅಪ್ಪ ನಮ್ಮ ಮನೆಯ ನೀರು ಕುಡಿಯಲಿಲ್ಲ.

ಹಾಗಂತ ಬರುವುದನ್ನು ಬಿಟ್ಟಿರಲಿಲ್ಲ. ಡಫಳಾಪುರದಲ್ಲಿ ಅವನದು ಕಾಳಿನ ವ್ಯಾಪಾರ. ಸ್ವಾತಂತ್ರ್ಯ ಬಂದ ಹೊಸತರಲ್ಲಿ ಯಾರೋ ಸಾಹೇಬರು ಓಡಿಸಿ ಬೇಸತ್ತ ಕಾರೊಂದನ್ನು ಕೊಂಡಿದ್ದ. ಅದರ ಮುಂದೆ ಕ್ಯಾನ್ವಾಸಿನ ನೀರಿನ ಚೀಲವೊಂದು ಯಾವಾಗಲೂ ತೂಗಾಡುತ್ತಿತ್ತು. ಬಂದವನು ಹೊರಗಿನ ಕಟ್ಟೆಯ ಮೇಲೆ ಕುಳಿತು, ತಾನೇ ಕಟ್ಟಿಕೊಂಡು ಬಂದ ರೊಟ್ಟಿ ಬಿಚ್ಚಿ ಉಂಡು, ತನ್ನ ಚೀಲದ ನೀರು ಕುಡಿದು, ನನ್ನ ತಲೆ ಸವರಿ ಹೋಗುತ್ತಿದ್ದ. ಓಣಿಯವರೆಲ್ಲ ನೋಡುತ್ತಿದ್ದರು. ನನಗೆ ಮಕ್ಕಳಿಲ್ಲವೆಂದು ಡಂಗುರ ಹೊಡೆಸುವ ಅಗತ್ಯವೇ ಇರಲಿಲ್ಲ, ಆ ಚೀಲ ಸಾಕಿತ್ತು. ಅಪ್ಪ ಬಂದರೆ ಎಷ್ಟು ಸಂತೋಷವಾಗುತ್ತಿತ್ತೋ ಅಷ್ಟೇ ಸಿಟ್ಟು ಬರುತ್ತಿತ್ತು. ಮಗುವಿಗಾಗಿ ಹರಕೆ ಹೊರಲು ಅತ್ತೆ ಇದ್ದರು. ನನ್ನ ಆಸೆ ಅಷ್ಟು ದೊಡ್ಡದಿರಲಿಲ್ಲ. ಅಪ್ಪ ಒಂದೇ ಒಂದು ಸಲ ನನ್ನ ಕೈಯಿಂದ ಒಂದು ಚರಗಿ ನೀರು ಇಸಿದುಕೊಂಡು ಕುಡಿದರೆ ಸಾಕಾಗಿತ್ತು.

ಬೇಸಿಗೆಯ ಒಂದು ದಿನ, ಊಟದ ಹೊತ್ತು ಮೀರಿದ ಮೇಲೆ, ಕಾರು ಏದುಸಿರು ಬಿಡುತ್ತ ಓಣಿಗೆ ಬಂತು. ಮುಂಭಾಗವೆಲ್ಲ ಹೊಗೆ ಎಂದುಕೊಂಡು ಓಡಿದೆ, ನೋಡಿದರೆ ಹಬೆ. ಅಪ್ಪ ಇಳಿದು ಬಾನೆಟ್ ಎತ್ತಿದ.

“ರೇಡಿಯೇಟರಿನ ಪೈಪ ಸೀಳೇತವಾ. ಜತ್ತ ದಾಟಿದಾಗಿಂದ ಸೋರಾಕತ್ತೇತಿ,” ಅಂದ. “ಅಲ್ಲಲ್ಲಿ ನಿಂದ್ರಿಸಿ ಇದ್ದ ನೀರೆಲ್ಲಾ ಇದಕ್ಕ ಹೊಯ್ಕೋಂತ ಬಂದ್ನಿ.”

ಚೀಲ ಬತ್ತಿದ ಕೆಚ್ಚಲಿನ ಹಾಗೆ ಜೋತುಬಿದ್ದಿತ್ತು. ಕುಡಿಯಲೆಂದು ತಂದದ್ದನ್ನೆಲ್ಲ ಕಾರಿಗೆ ಕುಡಿಸಿ ತಾನು ಒಣಗಿ ಬಂದಿದ್ದ. ತುಟಿ ಬೆಳ್ಳಗಾಗಿದ್ದವು.

ಅತ್ತೆ ಬಾಗಿಲಿಗೆ ಬಂದರು. “ಬೀಗರ, ಬಿಸಲಾಗ ಬಂದೀರಿ. ಒಳಗ ಬರ್ರಿ, ಕುಂದ್ರಿ. ನೀರ ಕುಡೀರಿ.”

“ಇರ್ಲಿ ತಗೋರಿ. ಮೊದಲ ಗಾಡಿದ ನೋಡೂಣು,” ಎಂದು ಅಪ್ಪ ಆ ಕಡೆ ತಿರುಗಿದ. ಕಾರಿಗಿಂತ ಹೆಚ್ಚು ಅವನೇ ಕಾದಿದ್ದ. ನನಗೆ ಮೈಯೆಲ್ಲ ಉರಿದು ಹೋಯಿತು. ರೂಢಿಗಾಗಿ ಪ್ರಾಣ ಬಿಡುತ್ತಾನೇನು ಈ ಮನುಷ್ಯ ಎಂದುಕೊಂಡೆ.

ನಮ್ಮ ಮನೆಯವರು ಹೊಲಕ್ಕೆ ಹೋಗಿದ್ದರು. ಪಕ್ಕದ ಮನೆಯ ಚಾಚಾ ಆಗಷ್ಟೇ ತೋಟದ ಬಾವಿಗೆ ಆಯಿಲ್ ಎಂಜಿನ್ ಕೂಡಿಸಿದ್ದರು. ಅವರು ಬಗ್ಗಿ ನೋಡಿ, “ನಮ್ಮ ಎಂಜಿನದ ಪೈಪಿನ ತುಂಡ ಒಂದ ಉಳದೈತ್ರಿ, ಕೂಡತೈತೇನ ನೋಡ್ರಿ,” ಎಂದು ತಂದುಕೊಟ್ಟು ಮಸೀದಿಯ ಕಡೆ ನಡೆದರು.

ಎಂಜಿನ್ ಆರುವ ತನಕ ಕಾಯಲೇಬೇಕಾಯಿತು. ಆಮೇಲೆ ಹಳೆಯ ಪೈಪನ್ನು ಬಿಚ್ಚಲು ಕುಳಿತರೆ ಅಪ್ಪನ ಕೈ ಆ ಸಂದಿಯಲ್ಲಿ ಹೋಗುತ್ತಿರಲಿಲ್ಲ. ಕಾಳಿನ ಚೀಲಗಳನ್ನು ಎತ್ತಿ ಎತ್ತಿ ದಪ್ಪಗಾದ ಕೈ. ನಾನು ಸೆರಗು ಸಿಕ್ಕಿಸಿ ಮುಂದೆ ಬಂದೆ. ಬಳೆ ಅಡ್ಡ ಬರುತ್ತಿದ್ದವು. ಮುತ್ತೈದೆ ಬಳೆ ತೆಗೆಯುವಂತಿಲ್ಲ. ಅತ್ತೆಯೇ ಅವನ್ನು ಮೊಣಕೈ ತನಕ ಸರಿಸಿ ಅರಿವೆಯಿಂದ ಬಿಗಿದು ಕಟ್ಟಿ, “ಹೋಗ, ನಿಮ್ಮಪ್ಪನ ಗಾಡಿ ರಿಪೇರಿ ಮಾಡ,” ಎಂದರು.

ಪೈಪು ಅಂಟಿಕೊಂಡು ಕುಳಿತಿತ್ತು. ಕುಡಗೋಲಿನಿಂದ ಉದ್ದಕ್ಕೆ ಸೀಳಿ ಕಿತ್ತೆ. ಒಳಗಿನ ರಬ್ಬರು ಬೆಲ್ಲದ ಹಾಗೆ ಉದುರುತ್ತಿತ್ತು. ಪೈಪು ಕೂಡುವ ಬಾಯಿಗಳಿಗೆ ಹತ್ತಿದ ತುಕ್ಕನ್ನು ಕೆರೆದು, ಚಾಚಾ ಕೊಟ್ಟ ತುಂಡನ್ನು ಅಳತೆಗೆ ಕತ್ತರಿಸಿ ಕೂಡಿಸಿದರೆ ರೇಡಿಯೇಟರಿನ ಕಡೆ ಸಡಿಲ. ಅಪ್ಪ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿಕೊಟ್ಟ. ಮೈಮುರಿದು ತುರುಕಿ ಕೂಡಿಸಿ ಉಸ್ಸೆನ್ನುವಷ್ಟರಲ್ಲಿ ನೋಡಿದರೆ ಬಿಗಿಯುವ ಕಬ್ಬಿಣದ ಬಳೆಗಳು ಕಟ್ಟೆಯ ಮೇಲೆಯೇ ಇವೆ. ಅವನ್ನು ಮೊದಲೇ ಪೈಪಿಗೆ ಪೋಣಿಸಿಕೊಳ್ಳಬೇಕಾಗಿತ್ತು. ಮತ್ತೆ ಬಿಚ್ಚಿದೆವು. ಅಪ್ಪನಿಗೆ ನಗು ಬಂತು, ಆದರೆ ಗಂಟಲು ಒಣಗಿ ನಗು ಕೆಮ್ಮಾಯಿತು.

ಇನ್ನು ನೀರು ತುಂಬುವುದೊಂದೇ ಬಾಕಿ. ಅಪ್ಪ ಕಾರನ್ನೂ ನೋಡಿದ, ನಮ್ಮ ಬಾಗಿಲನ್ನೂ ನೋಡಿದ.

ಅತ್ತೆ ಬಿಡುವವರಲ್ಲ. “ಗಾಡಿ ಕುಡದ್ರ ನೀವ ಕುಡದಂಗ ಅಲ್ಲೇನ್ರಿ ಬೀಗರ?”

“ಗಾಡಿಗೆ ಮಗಳಿಲ್ಲಲ್ರಿ,” ಅಂದ ಅಪ್ಪ. ಆಮೇಲೆ ನನ್ನ ಕಡೆ ತಿರುಗಿ, “ನಿಮ್ಮ ನೀರ ಹೆಂಗದಾವವಾ? ಸವಳ ನೀರ ಹಾಕಿದ್ರ ಒಳಗೆಲ್ಲಾ ಉಪ್ಪ ಕಟ್ಟತೈತಿ,” ಎಂದು ಕೇಳಿದ.

“ಚಲೋ ಅದಾವ,” ಅಂದೆ. ಸುಳ್ಳು ಹೇಳಬೇಕೆಂದು ಹೇಳಲಿಲ್ಲ. ನನಗೆ ಹಾಗೆಯೇ ಅನ್ನಿಸಿತ್ತು.

ಕೊಡ ಹೊತ್ತು ತಂದು ಮುಂದಿಟ್ಟು, ಚರಗಿಯಲ್ಲಿ ತುಂಬಿ ಕೊಟ್ಟೆ. ಅಪ್ಪ ವ್ಯಾಪಾರಿ, ಕಾಳನ್ನೂ ಬಾಯಿಗೆ ಹಾಕಿ ನೋಡದೆ ಕೊಳ್ಳುವವನಲ್ಲ. ಅಂಗೈಗೆ ನಾಲ್ಕು ಹನಿ ಹಾಕಿಕೊಂಡು ನಾಲಗೆಗೆ ಹಚ್ಚಿದ. ಕಾರಿನ ಸಲುವಾಗಿ ಹಚ್ಚಿದ್ದು, ಅದನ್ನೇನೂ ಕುಡಿದಂತೆ ಎಣಿಸಲಾಗದು. ಹಚ್ಚಿದವನು ಮುಖ ಕಿವಿಚಿದ.

“ಇವನ್ನ ಕುಡೀತೀರೇನ ನೀವು?”

“ಹೂಂ. ಮತ್ತೇನ ಕುಡೀಬೇಕ?”

“ನೀ ಬಂದಾಗಿಂದ?”

“ಬಂದಾಗಿಂದ.”

ಆಗ ನನಗೂ ನೆನಪಾಯಿತು. ತವರಿನಲ್ಲಿ ನಮ್ಮದು ಸಿಹಿನೀರಿನ ಬಾವಿ. ಈ ಮನೆಯದು ಸವಳು, ಬಂದ ಹೊಸತರಲ್ಲಿ ಮೊದಲ ಗುಟುಕಿಗೇ ಓಕರಿಕೆ ಬಂದಿತ್ತು. ಬೇಳೆ ಬೇಯುತ್ತಿರಲಿಲ್ಲ, ತಲೆಗೆ ಹಾಕಿಕೊಂಡರೆ ಕೂದಲು ಹಗ್ಗವಾಗುತ್ತಿತ್ತು. ಸೆರಗು ಬಾಯಿಗಿಟ್ಟು ನುಂಗಿ ನುಂಗಿ ಒಂದು ದಿನ ಅದು ಬರೀ ನೀರಾಯಿತು. ತವರಿಗೆ ಹೋದಾಗ ಹೇಳಿಕೊಳ್ಳುವಂಥ ಮಾತು ಅದು ಎಂದು ನನಗೆಂದೂ ಅನ್ನಿಸಲಿಲ್ಲ. ಅಪ್ಪನಾದರೋ ಮದುವೆಗೆ ಮೊದಲು ಹೊಲ ನೋಡಿದ್ದ, ಮನೆ ನೋಡಿದ್ದ, ದನ ಎಣಿಸಿದ್ದ, ನೀರಿನ ರುಚಿಯೊಂದನ್ನು ನೋಡಿರಲಿಲ್ಲ. ಬಂದ ಮೊದಲ ದಿನವೇ ಒಂದು ಗುಟುಕು ಕುಡಿದಿದ್ದರೆ ಅವನಿಗೆ ಇಷ್ಟೂ ತಿಳಿಯುತ್ತಿತ್ತು.

ಅಪ್ಪ ಚರಗಿಯನ್ನು ಕಾರಿಗೆ ಸುರಿಯಲಿಲ್ಲ. ಕಟ್ಟೆಯ ಮೇಲೆ ಕುಳಿತ. ಎರಡೂ ಕೈಯಿಂದ ಹಿಡಿದು, ತುಟಿಗೆ ಹಚ್ಚಿ, ತಡೆಯದೆ ಕುಡಿಯತೊಡಗಿದ. ಅಪ್ಪ ಕಾಯುವುದನ್ನು ಬಿಟ್ಟುಬಿಟ್ಟ, ಇನ್ನು ನನಗೆ ಮಕ್ಕಳಾಗುವುದಿಲ್ಲ ಎಂದು ಅವನಿಗೂ ಗೊತ್ತಾಯಿತು ಅನ್ನಿಸಿತು. ಅಷ್ಟು ವರ್ಷ ಬಯಸಿದ್ದು ಕಣ್ಣೆದುರೇ ನಡೆಯುತ್ತಿದ್ದರೆ ನನಗೆ ಅಳು ಬಂತು, ಒಳಗೊಳಗೇ ಹಗುರವೂ ಆಯಿತು. ಎರಡರಲ್ಲಿ ಯಾವುದು ಹೆಚ್ಚೆಂದು ಇವತ್ತಿಗೂ ಹೇಳಲಾರೆ.

ಕುಡಿದು ಮುಗಿಸಿ ಬರಿದಾದ ಚರಗಿಯನ್ನು ನನ್ನ ಕಡೆ ಚಾಚಿದ. ಮೀಸೆ ಒದ್ದೆಯಾಗಿತ್ತು. ನನ್ನ ಮುಖ ನೋಡಲಿಲ್ಲ.

“ಇನ್ನೊಂದ ಚರಗಿ ತಾ.”

“ಗಾಡಿಗೇನಪಾ?”

“ಗಾಡಿ ಇರ್ಲಿ,” ಅಂದ. “ನನಗ.”