ಸಾಹೇಬರ ಮೂರು ಯೂನಿಟ್

ಬೀದಿಯ ಜನ ಅವನನ್ನು ಕಾಲರ್ ಮಾಮ ಎಂದು ಕರೆಯುತ್ತಿದ್ದರು. ಅಂಗಿ ಹೊಲಿಯುವವರು ಆ ಸಾಲಿನಲ್ಲಿ ಇನ್ನೂ ಮೂವರಿದ್ದರು. ಆದರೆ ಕಾಲರು ಕತ್ತು ಹಿಸುಕದೆ, ಜೋತುಬೀಳದೆ, ಹೇಳಿದ ಮಾತು ಕೇಳುವ ಮಗುವಿನ ಹಾಗೆ ನೆಟ್ಟಗೆ ನಿಲ್ಲಬೇಕೆಂದರೆ ಇವನ ಕೈಯೇ ಆಗಬೇಕು. ಮನೆಯ ಮುಂದಿನ ಕೋಣೆಯೇ ಅಂಗಡಿ. ಕಿಟಕಿಗೆ ಒತ್ತಿಕೊಂಡು ಮೆಷಿನ್ನು, ಅದರ ಪಕ್ಕ ಉದ್ದನೆಯ ಕತ್ತರಿ ಮೇಜು. ಮೇಜಿನ ಎಡತುದಿಯಲ್ಲಿ ಚೂರುಬಟ್ಟೆಗಳ ಗುಡ್ಡೆ, ಗುಡ್ಡೆಯ ಮೇಲೆ ಬೂದು ಬಣ್ಣದ ಒಂದು ಗಂಡು ಬೆಕ್ಕು.

ಬೆಕ್ಕಿನ ಹೆಸರು ಸಾಹೇಬರು. ಯಾರು ಒಳಗೆ ಬಂದರೂ ಅರ್ಧ ಕಣ್ಣು ತೆರೆದು, ಅರ್ಜಿ ತಂದವರನ್ನು ನೋಡಿದ ಹಾಗೆ ನೋಡಿ, ಮತ್ತೆ ಮುಚ್ಚುತ್ತಿದ್ದುದರಿಂದ ಬಂದ ಹೆಸರು. ಒಂಬತ್ತು ವರ್ಷ ಸಾಹೇಬರು ಆ ಗುಡ್ಡೆ ಬಿಟ್ಟು ಕದಲಲಿಲ್ಲ. ಮಾಮ ಹೊಲಿಯುತ್ತಾ ಅದರ ಜೊತೆ ಮಾತಾಡುತ್ತಿದ್ದ. ಯಾರ ಹೊಟ್ಟೆ ಎರಡು ಇಂಚು ಮುಂದೆ ಬಂದಿದೆ, ಯಾರು ಮಗನ ಅಳತೆ ಕೊಟ್ಟು ತಾನು ಹಾಕಿಕೊಳ್ಳುತ್ತಾನೆ, ಎಲ್ಲ ವರದಿ. ಬೆಳಗಿನ ಟೀ ಜೊತೆಗೆ ಬರುವ ಬನ್ನಿನಲ್ಲಿ ಒಂದು ತುಂಡು ಹಾಲಿನಲ್ಲಿ ನೆನೆದು ಸಾಹೇಬರಿಗೆ ಸೇರಲೇಬೇಕು.

ಮಾಮನ ಹೆಂಡತಿ ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ ಅಟೆಂಡರ್. ಅಳೆದು ಸುರಿಯುವುದು, ತೊಳೆದು ಒರೆಸುವುದು, ಸೀಸೆಗೆ ಚೀಟಿ ಅಂಟಿಸುವುದು, ಇದರಲ್ಲೇ ಇಪ್ಪತ್ತೇಳು ವರ್ಷ ಸವೆಸಿದವಳು. ಅವಳಿಗೆ ಬೆಕ್ಕು ಎಂದರೆ ಬಟ್ಟೆಗಂಟುವ ಕೂದಲು, ಅಷ್ಟೇ. ‘ನಿಮ್ಮ ಆ ಪ್ರಾಣಿ’ ಎನ್ನುತ್ತಿದ್ದಳು. ಅಡುಗೆಮನೆಯ ಹೊಸ್ತಿಲು ದಾಟಿದರೆ ಪೊರಕೆ ತೋರಿಸುತ್ತಿದ್ದಳು. ಮಾಮನಿಗೆ ಒಳಗೊಳಗೇ ಅದು ಹಿತವಾಗಿತ್ತು. ಮನೆಯಲ್ಲಿ ತನ್ನದು ಎನ್ನುವುದು ಒಂದಾದರೂ ಇರಲಿ ಎಂದು.

ಹತ್ತನೆಯ ವರ್ಷ ಸಾಹೇಬರು ಕುಡಿಯತೊಡಗಿದರು. ಬಟ್ಟಲಿನ ನೀರು ಸಾಲದೆ, ಇಸ್ತ್ರಿಗೆಂದು ಇಟ್ಟ ಚೊಂಬಿಗೂ ಬಾಯಿ ಹಾಕಿದರು. ಚೂರುಬಟ್ಟೆಯೆಲ್ಲ ಉಚ್ಚೆಯಿಂದ ಒದ್ದೆ. ಎಷ್ಟು ತಿಂದರೂ ಮೈ ಕರಗಿ ಬೆನ್ನಮೂಳೆ ಕೈಗೆ ಸಿಗತೊಡಗಿತು. ಬುಟ್ಟಿಯಲ್ಲಿ ಹಾಕಿಕೊಂಡು ಪಶುವೈದ್ಯರ ಹತ್ತಿರ ಹೊರಟಾಗ, ಬುಟ್ಟಿ ಹಿಡಿಯಲು ಇನ್ನೊಂದು ಕೈ ಬೇಕಲ್ಲ ಎಂದು ಹೆಂಡತಿ ಗೊಣಗುತ್ತಲೇ ಜೊತೆಗೆ ಬಂದಳು.

“ಸಕ್ಕರೆ ಕಾಯಿಲೆ” ಎಂದಳು ಡಾಕ್ಟರಮ್ಮ.

“ಬೆಕ್ಕಿಗೂ ಶುಗರ್ರಾ?” ಮಾಮ ನಕ್ಕುಬಿಟ್ಟ. ಡಾಕ್ಟರಮ್ಮ ನಗಲಿಲ್ಲ. ಹನ್ನೆರಡು ಗಂಟೆಗೊಮ್ಮೆ, ದಿನಕ್ಕೆ ಎರಡು ಸಲ, ಒಂದೊಂದು ಯೂನಿಟ್ ಇನ್ಸುಲಿನ್. ಮೊದಲು ಊಟ, ಆಮೇಲೆ ಸೂಜಿ. ತಿನ್ನದಿದ್ದರೆ ತನ್ನನ್ನು ಕೇಳದೆ ಸೂಜಿ ಹಾಕುವಂತಿಲ್ಲ. ಬೇಯಿಸಿದ ಕೋಳಿ, ಮೀನು, ತಾನು ಬರೆದುಕೊಟ್ಟ ಡಬ್ಬಿಯ ಆಹಾರ, ಅದೂ ತೂಕ ಮಾಡಿ. ಹಾಲು, ಬ್ರೆಡ್ಡು, ಬಿಸ್ಕತ್ತು ಮೂಸಿಯೂ ನೋಡಬಾರದು. ಹೀಗೆ ಹೇಳಿ, ಅಭ್ಯಾಸಕ್ಕೆಂದು ಉಪ್ಪುನೀರು ತುಂಬಿದ ಪುಟ್ಟ ಸಿರಿಂಜನ್ನು ಮಾಮನ ಕೈಗಿತ್ತಳು.

ದಿನಕ್ಕೆ ಸಾವಿರ ಸಲ ಸೂಜಿ ಇಳಿಸುವ ಕೈ. ಸಾಹೇಬರ ಕತ್ತಿನ ಹಿಂದಿನ ಚರ್ಮ ಎತ್ತಿ ಹಿಡಿದದ್ದೇ ತಡ, ಸಿರಿಂಜು ಹಿಡಿದ ಆ ಕೈ ಹಿಂದಕ್ಕೆ ಸರಿಯಿತು. ಬಟ್ಟೆಗೆ ನೋಯುವುದಿಲ್ಲ. ಇದು ಬೆಚ್ಚಗಿದೆ, ಉಸಿರಾಡುತ್ತಿದೆ, ತನ್ನನ್ನೇ ನೋಡುತ್ತಿದೆ. “ಆಗಲ್ಲ ಡಾಕ್ಟರಮ್ಮ” ಎಂದ.

“ಕೊಡ್ರೀ ಇಲ್ಲಿ” ಎಂದಳು ಹೆಂಡತಿ. ಸಿರಿಂಜನ್ನು ಕಣ್ಣಿನ ಮಟ್ಟಕ್ಕೆ ಎತ್ತಿದಳು. ಉಗುರಿನಿಂದ ಒಮ್ಮೆ ತಟ್ಟಿ ಗುಳ್ಳೆ ಬಿಡಿಸಿದಳು. ಚರ್ಮ ಎತ್ತಿ, ಚುಚ್ಚಿ, ತೆಗೆದಳು. ಸಾಹೇಬರಿಗೆ ಗೊತ್ತೇ ಆಗಲಿಲ್ಲ.

ಅಲ್ಲಿಂದ ಶುರುವಾಯಿತು. ಬೆಳಿಗ್ಗೆ ಏಳು, ಸಂಜೆ ಏಳು. ಅವಳು ಫ್ರಿಜ್ಜಿನಿಂದ ಸೀಸೆ ತೆಗೆದು ಅಂಗೈಗಳ ನಡುವೆ ಮೆಲ್ಲಗೆ ಉರುಳಿಸುವಳು. ತಕ್ಕಡಿಯಲ್ಲಿ ಮಾಂಸ ತೂಗುವಳು. ಕಿವಿಯಂಚಿಗೆ ಚುಚ್ಚಿ, ಸಾಸಿವೆ ಕಾಳಿನಷ್ಟು ರಕ್ತವನ್ನು ಮೀಟರಿನ ಪಟ್ಟಿಗೆ ತಾಗಿಸಿ, ಬಂದ ಅಂಕಿಯನ್ನು ಪುಸ್ತಕದಲ್ಲಿ ಬರೆಯುವಳು. ಬೆಕ್ಕಿನ ಲೆಕ್ಕಾಚಾರವೇ ಬೇರೆ. ಚುಚ್ಚುವವಳೇ ಊಟ ಕೊಡುವವಳೂ ಆದದ್ದರಿಂದ, ಎರಡೇ ವಾರದಲ್ಲಿ ಆರೂವರೆಗೆಲ್ಲ ಅವಳ ಕಾಲು ಸುತ್ತುವುದು ಶುರು. ಮೂರನೆಯ ವಾರ ಪೊರಕೆ ಮೂಲೆ ಸೇರಿತು. ನಾಲ್ಕನೆಯ ವಾರ ಸಾಹೇಬರು ಹೊಸ್ತಿಲು ದಾಟಿ ಒಳಗೇ ಉಳಿದರು. ಕತ್ತರಿ ಮೇಜಿನ ಎಡತುದಿ ಬರೀ ಚೂರುಬಟ್ಟೆಯಾಯಿತು.

“ಏನು ಮಾಮ, ಸಾಹೇಬರಿಗೆ ಟ್ರಾನ್ಸ್‌ಫರ್ ಆಗಿಹೋಯ್ತಾ?” ಶಾಲೆಯ ಬ್ಯಾಂಡ್ ಮೇಷ್ಟ್ರು ಅಳತೆ ಕೊಡಲು ನಿಂತವರು ಕೇಳಿದರು.

“ಆರಾಮಿಲ್ಲ ಅದಕ್ಕೆ. ರಜದ ಮೇಲಿದೆ.”

“ರಜ ಅಲ್ಲಪ್ಪ. ಒಳಗೆ ಅಕ್ಕಾವ್ರ ತೊಡೆ ಮೇಲೆ ಡ್ಯೂಟಿಗೆ ಹಾಜರಾಗಿರೋದನ್ನ ಈಗ ತಾನೆ ನೋಡಿದೆ.”

ಮಾಮ ಟೇಪನ್ನು ಮೇಷ್ಟ್ರ ಕತ್ತಿಗೆ ಬೇಕಾದ್ದಕ್ಕಿಂತ ಬಿಗಿಯಾಗಿ ಎಳೆದ.

ತೊಡೆಗಿಂತ ಮಾತು ಹೆಚ್ಚು ಸುಡುತ್ತಿತ್ತು. “ಬಾ ನನ್ನ ಬಂಗಾರ, ಕಿವಿ ಕೊಡು. ನೋವಾಯ್ತಾ? ಇಲ್ಲ ಅಲ್ವಾ? ಜಾಣ.” ಅಡುಗೆಮನೆಯಿಂದ ತೇಲಿ ಬರುವ ಈ ದನಿ ಯಾರದು? ಮೂವತ್ತು ವರ್ಷದ ಸಂಸಾರದಲ್ಲಿ ಅವಳು ತನಗೆ ‘ರೀ’ ಬಿಟ್ಟು ಇನ್ನೊಂದು ಅಕ್ಷರ ಸೇರಿಸಿ ಕರೆದಿದ್ದಿಲ್ಲ. ತನಗೆ ಜ್ವರ ಬಂದಾಗ ಮಾತ್ರೆಯನ್ನೂ ನೀರನ್ನೂ ಮೇಜಿನ ಮೇಲೆ ಇಟ್ಟು ಲ್ಯಾಬಿಗೆ ಹೋದವಳು. ಬೆಕ್ಕಿನ ಮೇಲಿನ ಉರಿ ಯಾವುದು, ಹೆಂಡತಿಯ ಮೇಲಿನದು ಯಾವುದು, ಬಿಡಿಸಿ ನೋಡಲು ಹೋದರೆ ಎರಡೂ ಒಂದೇ ದಾರದ ಸಿಕ್ಕಾಗಿ ಬೆರಳಿಗೆ ಸುತ್ತಿಕೊಳ್ಳುತ್ತಿದ್ದವು.

ಒಂದು ಬೆಳಿಗ್ಗೆ, ಅವಳು ಕಾಲೇಜಿಗೆ ಹೋದ ಮೇಲೆ, ಮಾಮ ಟೀ ತರಿಸಿಕೊಂಡ. ಬನ್ನಿನ ತುಂಡೊಂದನ್ನು ಹಾಲಿನಲ್ಲಿ ನೆನೆಸಿ ಮೇಜಿನ ಎಡತುದಿಯಲ್ಲಿಟ್ಟು ಸುಮ್ಮನೆ ಕೂತ. ಸಾಹೇಬರು ಒಳಗಿಂದ ಬಂದರು. ಹಳೆಯ ಜಾಗಕ್ಕೆ ಹಾರಿದರು. ತಿಂದು, ಮಾಮನ ಮಣಿಕಟ್ಟನ್ನು ಒಮ್ಮೆ ನೆಕ್ಕಿದರು. ಅವನ ಕಣ್ಣು ತುಂಬಿ ಬಂತು.

ತಪ್ಪು ಎಂದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ದರ್ಜಿಯ ಕಸುಬಿನಲ್ಲಿ ಬರೆದುಕೊಂಡ ಅಳತೆಗೆ ಸರಿಯಾಗಿ ಯಾರೂ ಕತ್ತರಿಸುವುದಿಲ್ಲ. ಒಳಗೆ ಅರ್ಧ ಇಂಚು ಬಟ್ಟೆ ಬಿಟ್ಟೇ ಹೊಲಿಯುತ್ತಾರೆ, ನಾಳೆ ಮೈ ಬಂದರೆ ಬಿಚ್ಚಿಕೊಳ್ಳಲಿ ಎಂದು. ಡಾಕ್ಟರಮ್ಮ ಹೇಳಿದ್ದು ಹೊರಗಿನ ಅಳತೆ, ಒಂದು ತುಂಡು ಬನ್ನು ಒಳಗೆ ಬಿಟ್ಟ ಅರ್ಧ ಇಂಚು. ಹೀಗೆಂದು ಸಮಾಧಾನ ಹೇಳಿಕೊಂಡ. ಒಂದು ತುಂಡು ಬರಬರುತ್ತ ಅರ್ಧ ಬನ್ನಾಯಿತು.

ಪುಸ್ತಕದ ಅಂಕಿಗಳು ಏರಿದವು. ಮುನ್ನೂರು, ಮುನ್ನೂರ ಐವತ್ತು. ಡಾಕ್ಟರಮ್ಮ ಒಂದು ಯೂನಿಟ್ಟನ್ನು ಎರಡು ಮಾಡಿದಳು. ಮತ್ತೆ ಏರಿದವು. ಎರಡನ್ನು ಮೂರು ಮಾಡಿದಳು. ಹೆಂಡತಿ ಕನ್ನಡಕದ ಅಂಗಡಿಗೆ ಹೋಗಿ ಕಣ್ಣು ತೋರಿಸಿ ಬಂದಳು. ಸೀಸೆ ಕೆಟ್ಟಿದೆಯೇನೋ ಎಂದು ಹೊಸದು ತಂದಳು. “ಎಲ್ಲಿ ತಪ್ಪುತ್ತಿದ್ದೀನೋ ಗೊತ್ತಾಗ್ತಿಲ್ಲ ಕಣ್ರೀ. ನೀವಾದರೂ ಒಂದ್ಸಲ ಗೆರೆ ನೋಡಿ, ಸರಿ ಇದೆಯಾ?” ಎಂದು ಸಿರಿಂಜು ಹಿಡಿದು ಬಂದಳು ಒಂದು ಸಂಜೆ. ಮಾಮ ನೋಡಿದ. ಕೂದಲೆಳೆಯಷ್ಟೂ ಆಚೀಚೆ ಇರಲಿಲ್ಲ. “ಇದೆ” ಎಂದ. ಮತ್ತೆ ಮೆಷಿನ್ನಿಗೆ ಬಗ್ಗಿದ.

ಎರಡು ತಿಂಗಳು ಹೀಗೆ ಸಾಗಿತು. ಆಮೇಲೆ ಒಂದು ಭಾನುವಾರ, ಅವಳು ಸ್ನಾನಕ್ಕೆ ಹೋದಾಗ ಬನ್ನು ತಿಂದು ಮುಗಿಸಿದ ಸಾಹೇಬರು, ಬಚ್ಚಲಿನ ಬಾಗಿಲು ಸದ್ದಾದದ್ದೇ ಮೇಜಿನಿಂದ ಧುಮುಕಿ, ಬಾಲವನ್ನು ಬಾವುಟದ ಹಾಗೆ ಎತ್ತಿಕೊಂಡು ಅವಳ ಹಿಂದೆ ನಡೆದರು. ಮೀಸೆಯ ಮೇಲೆ ಹಾಲಿನ ಹನಿ ಇನ್ನೂ ಇತ್ತು. ಮಾಮನ ಎದೆಯಲ್ಲಿ ಏನೋ ಪಟ್ಟೆಂದು ಕಿತ್ತುಬಂತು. ತಿನ್ನೋದು ಇಲ್ಲಿ, ಸಂಬಂಧ ಅಲ್ಲಿ. ಸರಿ, ಇನ್ನು ಅವಳೇ ಸಾಕಲಿ. ಸೋಮವಾರ ಬನ್ನು ಕೊಡಲಿಲ್ಲ. ಮಂಗಳವಾರ ಸಾಹೇಬರು ಮೇಜಿನ ತುದಿಗೆ ಬಂದು ಕಾದು ಕೂತರು. ಮಾಮ ಬೆನ್ನು ತಿರುಗಿಸಿ ಮೆಷಿನ್ನು ತುಳಿದ. ಪುಸ್ತಕದಲ್ಲಿ ಅಂಕಿ ಇಳಿಯಿತು, ಆದರೆ ತನ್ನ ಕೈಯನ್ನೇ ನಂಬದ ಹೆಂಡತಿ ಅದನ್ನೂ ನಂಬಲಿಲ್ಲ.

ಬುಧವಾರ ಮಧ್ಯಾಹ್ನ ಬ್ಯಾಂಡ್ ಮೇಷ್ಟ್ರು ಇನ್ನೂ ಕಾಲರ್ ಕೂಡಿಸದ ಮತ್ತೊಂದು ಅಂಗಿ ತೊಟ್ಟು ಕನ್ನಡಿಯ ಮುಂದೆ ನಿಂತಿದ್ದರು. “ಮಾಮ, ನಿಮ್ಮ ಸಾಹೇಬರು ಕುಡಿದಿದ್ದಾರಾ ಏನು?”

ಸಾಹೇಬರು ಒಳಬಾಗಿಲಿನಿಂದ ಬರುತ್ತಿದ್ದರು. ಹಿಂಗಾಲು ಒಂದು ಕಡೆ, ಮುಂಗಾಲು ಇನ್ನೊಂದು ಕಡೆ. ಮೆಷಿನ್ನಿನ ಕಾಲಿಗೆ ತಲೆ ತಾಗಿತು. ಅಲ್ಲೇ ಮಡಿಚಿಕೊಂಡು ಬಿದ್ದರು. ಕಣ್ಣು ತೆರೆದೇ ಇತ್ತು, ಆದರೆ ಯಾರನ್ನೂ ನೋಡುತ್ತಿರಲಿಲ್ಲ.

ಮಾಮ ಲ್ಯಾಬಿಗೆ ಫೋನು ಮಾಡಿದ. ಹೆಂಡತಿ ಎರಡೇ ಪ್ರಶ್ನೆ ಕೇಳಿದಳು. ನಡುಕ ಇದೆಯಾ? ನುಂಗುತ್ತಾ? ಆಮೇಲೆ ಹೇಳಿದಳು. “ಸಕ್ಕರೇನ ಗಟ್ಟಿಯಾಗಿ ಕಲಸಿ ಒಸಡಿಗೆ ಸವರಿ. ಗಂಟಲಿಗೆ ಸುರೀಬೇಡಿ, ಉಸಿರು ಕಟ್ಟುತ್ತೆ. ಸವರುತ್ತಾ ಡಾಕ್ಟರ ಹತ್ರ ಹೊರಡಿ. ನಾನು ನೇರ ಅಲ್ಲಿಗೇ ಬರ್ತೀನಿ.” ಫೋನು ಇಡುವ ಮುನ್ನ, “ಬೆಳಿಗ್ಗೆ ಪೂರ್ತಿ ತಿಂದಿತ್ತು ಕಣ್ರೀ. ಮೂರೇ ಹಾಕಿದ್ದು” ಎಂದಳು. ಆ ದನಿ ಒಡೆದಿತ್ತು.

ಕಾಲರಿಲ್ಲದ ಅಂಗಿಯಲ್ಲೇ ಮೇಷ್ಟ್ರು ಸ್ಕೂಟರ್ ಓಡಿಸಿದರು. ಹಿಂದೆ ಮಾಮ, ತೊಡೆಯ ಮೇಲೆ ಟವೆಲಿನಲ್ಲಿ ಸಾಹೇಬರು. ಸಕ್ಕರೆ ಮೆತ್ತಿದ ಬೆರಳನ್ನು ಆ ತಣ್ಣನೆಯ ತುಟಿಯ ಒಳಗೆ ಆಡಿಸುತ್ತಾ, ಕಚ್ಚೋ, ಒಂದ್ಸಲ ಕಚ್ಚೋ ನನ್ನ, ಎಂದು ದಾರಿಯುದ್ದಕ್ಕೂ ಗೊಣಗಿದ. ಕಡೆಯ ತಿರುವಿನಲ್ಲಿ ಸಾಹೇಬರು ಕಚ್ಚಿದರು. ಅಷ್ಟು ಸುಖ ಕೊಟ್ಟ ನೋವನ್ನು ಅವನು ಹಿಂದೆ ಕಂಡಿರಲಿಲ್ಲ.

ಕ್ಲಿನಿಕ್ಕಿನಲ್ಲಿ ಮೀಟರು ನಲವತ್ತೈದು ತೋರಿಸಿತು. ಡಾಕ್ಟರಮ್ಮ ಮುಂಗಾಲಿಗೆ ಡ್ರಿಪ್ ಹಾಕಿ, ಉಸಿರು ಹದಕ್ಕೆ ಬಂದ ಮೇಲೆ ತಿರುಗಿದಳು. ಅಷ್ಟರಲ್ಲಿ ಹೆಂಡತಿ ಲ್ಯಾಬಿನ ನೀಲಿ ಕೋಟಿನಲ್ಲೇ ಬಂದು ಗೋಡೆಗೆ ಆತು ನಿಂತಿದ್ದಳು.

“ಶುಗರ್ ತೀರಾ ಕೆಳಗಿಳಿದಿದೆ, ಡೋಸ್ ಹೆಚ್ಚಾಗಿದೆ. ಎರಡು ಸಲ ಹಾಕಿಬಿಟ್ರಾ? ಗೆರೆ ತಪ್ಪಿ ಓದಿದ್ರಾ?”

“ಇಲ್ಲ ಅಂತ ಹೇಳೋಕೆ ಧೈರ್ಯ ಬರ್ತಿಲ್ಲ” ಎಂದಳು ಹೆಂಡತಿ. “ಎರಡು ತಿಂಗಳಿಂದ ಒಂದೂ ಸರಿ ಬರ್ತಿಲ್ಲ. ತಪ್ಪು ನನ್ನ ಕೈಯಲ್ಲೇ ಇದೆ. ಇನ್ನು ನಾನು ಹಾಕಲ್ಲಮ್ಮ. ಇವರು ಕಲೀಲಿ. ಇವರ ಬೆಕ್ಕು. ಇವರೇ ನೋಡ್ಕೊಳ್ಳಲಿ.”

ಮಾಮ ತಲೆ ಎತ್ತಿದ. ಎರಡು ತಿಂಗಳಿಂದ ಬಯಸಿದ್ದು ಇದೇ ಅಲ್ಲವೇ? ತಾನು ಬಾಯಿ ಬಿಡದಿದ್ದರೆ ಸಾಕು. ಸಾಹೇಬರು ಕತ್ತರಿ ಮೇಜಿಗೆ ಮರಳುತ್ತಾರೆ, ಅಡುಗೆಮನೆಯಲ್ಲಿ ಆ ದನಿ ನಿಲ್ಲುತ್ತದೆ. ಯಾರಿಗೂ ಗೊತ್ತಾಗುವುದಿಲ್ಲ. ಅವಳ ಕಡೆ ನೋಡಿದ. ಅವಳು ತನ್ನ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದಳು, ಬೇರೆ ಯಾರದೋ ಕೈ ಎಂಬಂತೆ.

“ಕೈ ಸರಿ ಇದೆ” ಎಂದ ಮಾಮ. “ನಾನು ಬನ್ನು ಕೊಡ್ತಿದ್ದೆ. ದಿನಾ. ಹಾಲಲ್ಲಿ ನೆನೆಸಿ. ಮೊನ್ನೆ ಸೋಮವಾರದಿಂದ ನಿಲ್ಲಿಸಿದೆ.”

ಡಾಕ್ಟರಮ್ಮ ಪೆನ್ನು ಕೆಳಗಿಟ್ಟಳು. “ಅಂದ್ರೆ ಮೂರು ಯೂನಿಟ್ ಆ ಬನ್ನಿಗೆ ಹಾಕ್ತಾ ಇದ್ದದ್ದು. ಬನ್ನು ನಿಂತುಹೋಯ್ತು, ಇನ್ಸುಲಿನ್ ನಿಲ್ಲಲಿಲ್ಲ. ಇನ್ನು ಸ್ವಲ್ಪ ತಡ ಆಗಿದ್ರೆ ನನ್ನ ಹತ್ರ ತರೋದೇ ಬೇಡವಾಗಿತ್ತು.” ಈ ರಾತ್ರಿ ಬೆಕ್ಕು ಇಲ್ಲೇ ಇರಲಿ, ನಾಳೆ ಸಂಜೆಯಿಂದ ಮತ್ತೆ ಒಂದೇ ಯೂನಿಟ್ಟು ಎಂದು ಬರೆದುಕೊಟ್ಟಳು.

ಹೊರಗಿನ ಬೆಂಚಿನ ಮೇಲೆ ಗಂಡ ಹೆಂಡತಿ ಕೂತರು. ನಡುವೆ ಖಾಲಿ ಟವೆಲು.

“ಬನ್ನು ತಿನ್ನಿಸಿದ್ದು ಹೋಗಲಿ” ಎಂದಳು ಅವಳು. “ಗೆರೆ ಸರಿ ಇದೆಯಾ ಅಂತ ನಿಮ್ಮನ್ನ ಕೇಳಿದ್ನಲ್ಲ. ಅವತ್ತು ಹೇಗೆ ಸುಮ್ಮನಿದ್ರಿ?”

“ಅದು ನನ್ನ ಬಿಟ್ಟು ನಿನ್ನ ಹಿಂದೆ ಹೋಗ್ತಿತ್ತು.”

“ಹೊಟ್ಟೆಕಿಚ್ಚಾ?”

“ಹೂಂ.”

“ಯಾರ ಮೇಲೆ? ನನ್ನ ಮೇಲಾ, ಅದರ ಮೇಲಾ?”

ಮಾಮ ಯೋಚಿಸಿದ. “ಇಬ್ಬರ ಮೇಲೂ.”

ಅವಳು ಟವೆಲನ್ನು ಬಿಚ್ಚಿ ಮತ್ತೆ ಮಡಿಚಿದಳು. “ಹೊಸದಾಗಿ ಬಂದಿದೆ ನಿಮಗೆ. ನಂಗೆ ಒಂಬತ್ತು ವರ್ಷದ್ದು. ಗೋಡೆ ಈಚೆ ಪಾತ್ರೆ ತೊಳೀತಾ ಕೇಳಿಸ್ಕೊಳ್ತಿದ್ದೆ. ಯಾರ ಮನೇಲಿ ಏನಾಯ್ತು, ಯಾರು ಏನಂದ್ರು, ಎಲ್ಲ ಬೆಕ್ಕಿಗೆ. ಒಳಗೆ ಬಂದರೆ ನಂಗೆ ‘ತಟ್ಟೆ ಹಾಕು’. ಆ ಪೊರಕೆ ಕೂದಲಿಗೆ ಅಂದ್ಕೊಂಡಿದ್ರಾ?”

ಮಾಮ ಟವೆಲು ಎತ್ತಿಕೊಂಡು ಅವಳ ಹಿಂದೆ ಮನೆಗೆ ನಡೆದ. 

ಮರುದಿನ ಸಾಹೇಬರು ಮನೆಗೆ ಮರಳಿದರು. ಸಂಜೆ ಏಳಕ್ಕೆ ಮಾಮ ಮೆಷಿನ್ನು ನಿಲ್ಲಿಸಿ ಅಡುಗೆಮನೆಗೆ ಹೋದ. ಯಾರೂ ಕರೆದಿರಲಿಲ್ಲ. ಮಂಡಿ ಕಟಕಟ ಎನ್ನುತ್ತಾ ನೆಲದ ಮೇಲೆ ಕೂತ. ಹೆಂಡತಿ ಒಮ್ಮೆ ನೋಡಿ, ತೂಕ ಮಾಡಿದ ಮಾಂಸದ ಬಟ್ಟಲನ್ನು ಅವನ ಮುಂದೆ ತಳ್ಳಿದಳು. ಅವನು ಬಟ್ಟಲು ಹಿಡಿದ, ಸಾಹೇಬರು ತಿಂದರು, ಅವಳು ಚುಚ್ಚಿದಳು. ಒಂದು ಯೂನಿಟ್. ತಿಂದು ಮುಗಿಸಿದ ಸಾಹೇಬರು ಇಬ್ಬರನ್ನೂ ಅಳೆದು ನೋಡಿ, ಅವಳ ತೊಡೆ ಏರಿದರು.

ಮಾಮನಿಗೆ ಮತ್ತೆ ಚುರ್ರೆಂದಿತು. ಎದ್ದು ಹೋಗಲಿಲ್ಲ. “ಬ್ಯಾಂಡ್ ಮೇಷ್ಟ್ರು ಇವತ್ತು ಆ ಅಂಗೀಲೇ ಶಾಲೆಗೆ ಹೋಗಿದ್ರಂತೆ” ಎಂದ. “ಕಾಲರ್ ಇಲ್ಲದ್ದು. ಹೆಡ್‌ಮಾಸ್ಟರು ನೋಡಿ...” ಬೆಕ್ಕಿನ ತಲೆಯ ಮೇಲೆ ಆಡುತ್ತಿದ್ದ ಅವಳ ಬೆರಳು ಕಂಡು ಮಾತು ಅಲ್ಲೇ ನಿಂತಿತು.

“ನೋಡಿ ಏನಂದ್ರಂತೆ?”

“ಹೇಳ್ತೀನಿ. ಮೊದಲು ಅದನ್ನ ಕೆಳಗಿಳಿಸು.”

“ಇಳಿಸಲ್ಲ. ಹೇಳಿ.”

ಅವನು ಹೇಳತೊಡಗಿದ.